ಹಗರಿ ಬಾರದ ಊರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬೇಲಿಯ ಮೇಲೆ ಒಣಹಾಕಿದ್ದ ಸೀರೆ ಹಸಿರೋ ಕೆಂಪೋ, ನನಗೆ ಆಗ ಏಳು ವರ್ಷವೋ ಎಂಟೋ, ಆ ಹೆಂಗಸು ನನಗೆ ನೀರು ಕೊಟ್ಟಳೋ ಇಲ್ಲವೋ, ಒಂದೊಂದು ಸಲ ನೆನೆದಾಗ ಒಂದೊಂದು ತರಹ ಕಾಣುತ್ತದೆ. ಕಾಲೇಜಿಗೆ ಸೇರಿದ ವರ್ಷದಿಂದ ದಿನಚರಿ ಬರೆಯುತ್ತ ಬಂದವಳು ನಾನು. ಹಳೆಯ ಪುಟಗಳನ್ನು ತೆಗೆದು ಓದಿದಾಗಲೆಲ್ಲ ನನ್ನ ನೆನಪಿನ ಮೇಲಿನ ನಂಬಿಕೆ ಒಂದಿಷ್ಟು ಇಳಿದಿದೆ. ಹಾಗಾಗಿ ಓದುವವರು ನನ್ನ ಮಾತನ್ನು ತೂಗಿ ನೋಡಿಯೇ ತೆಗೆದುಕೊಳ್ಳಲಿ. ಸಿಟ್ಟಿನ ಬಗ್ಗೆ ಮಾತ್ರ ಅನುಮಾನ ಬೇಡ. ಅದು ನೆನಪಿನದಲ್ಲ, ಈ ವರ್ಷದ್ದು.

ಸಂಕ್ರಾಂತಿ ಕಳೆದ ಮೇಲೆ ಸಿರುಗುಪ್ಪದಿಂದ ನನ್ನ ಸೋದರಮಾವನ ಫೋನ್ ಬಂತು. ಮಾಮ ನನ್ನ ತಾಯಿಯ ಕೊನೆಯ ತಮ್ಮ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾಗಿ ಬಹಳ ಕಾಲವಾದರೂ ಊರಿನವರ ಅರ್ಜಿಗಳೆಲ್ಲ ಇವತ್ತಿಗೂ ಅವನ ಮನೆಯ ಪಡಸಾಲೆಯಲ್ಲೇ ತಯಾರಾಗುತ್ತವೆ.

"ಲೇ ಪ್ರೊಫೆಸರಮ್ಮ, ಎರಡು ಪುಟ ಬರದು ಕೊಡಬೇಕಲ್ಲ."

"ಏನು ಮಾಮಾ?"

"ನಮ್ಮೂರಿನ ಇತಿಹಾಸ, ಭೂಗೋಳ."

"ಎರಡು ಪುಟದಾಗ?"

"ಊರಾಗ ಇರೋವು ಎರಡು ಓಣಿ. ಓಣಿಗೊಂದು ಪುಟ ಸಾಕು ಬಿಡು."

ನಾನು ಪ್ರೊಫೆಸರ್ ಅಲ್ಲ. ಬಳ್ಳಾರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು. ಮಾಮನಿಗೆ ಅದೆಲ್ಲ ಒಂದೇ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅರ್ಜಿ ಇನ್ನೂ ಮುಗಿದಿಲ್ಲ, ಜನ ಇನ್ನೂ ಅಲ್ಲೇ ಇದ್ದಾರೆ. ಕುರುಗೋಡಿನಿಂದ ತೆಕ್ಕಲಕೋಟೆಯ ಕಡೆ ಹೋಗುವಾಗ ಕಾಲುವೆಯ ಕೆಳಗೆ ಬರುತ್ತದೆ, ಅಷ್ಟು ಸಾಕು. ಅದು ನನ್ನ ತಾಯಿಯ ತವರು. ಒಂದು ಹೆಸರಿನಲ್ಲಿ ಅಲ್ಲಿ ಎರಡು ಊರಿವೆ. ತಗ್ಗಿನಲ್ಲಿ ಹಳೇ ಊರು, ಅಲ್ಲಿಂದ ಒಂದು ಮೈಲಿ ದೂರದ ಕಲ್ಲು ದಿಣ್ಣೆಯ ಮೇಲೆ ಹೊಸ ಊರು. ನಾನು ಹುಟ್ಟುವ ಮೊದಲೇ ಜನ ಹಳೇ ಊರು ಬಿಟ್ಟು ದಿಣ್ಣೆ ಹತ್ತಿದ್ದರು. ಕಂದಾಯದ ಕಾಗದದಲ್ಲಿ ಮಾತ್ರ ಅವರು ಎಲ್ಲಿಗೂ ತಲುಪಿಲ್ಲ. ಅಲ್ಲಿ ಹಳೇ ಊರು 'ಬೇಚರಾಕ್', ಎಂದರೆ ಜನವಸತಿ ಇಲ್ಲದ ಗ್ರಾಮ. ಹೊಸ ಊರಿಗೆ ಹೆಸರೇ ಇಲ್ಲ. ಅದು ನಿಂತಿರುವುದು ಪಕ್ಕದ ಊರಿನ ಸರ್ವೆ ನಂಬರಿನಲ್ಲಿ. ತಾಲ್ಲೂಕು ಬೇರೆಯಾದಾಗ ಪಕ್ಕದ ಊರು ಕುರುಗೋಡಿಗೆ ಸೇರಿತು, ಹಳೇ ಊರಿನ ಹೊಲಗಳು ಸಿರುಗುಪ್ಪಕ್ಕೇ ಉಳಿದವು. ಹಾಗಾಗಿ ಜನ ಮಲಗುವುದು ಒಂದು ತಾಲ್ಲೂಕಿನಲ್ಲಿ, ಉಳುವುದು ಇನ್ನೊಂದರಲ್ಲಿ. ಮನೆ ಕಟ್ಟಿ ಎರಡು ತಲೆಮಾರು ಕಳೆದರೂ ಒಬ್ಬರ ಕೈಯಲ್ಲೂ ಮನೆಯ ಹಕ್ಕುಪತ್ರ ಇಲ್ಲ.

ಈಗ ಇಂಥ ದಾಖಲೆಯಿಲ್ಲದ ಊರುಗಳನ್ನು ಕಂದಾಯ ಗ್ರಾಮ ಮಾಡಿ, ಇರುವವರಿಗೆ ಇರುವ ಜಾಗದ ಹಕ್ಕುಪತ್ರ ಕೊಡುತ್ತಿದ್ದಾರೆ. ಅರ್ಜಿಯ ಜೊತೆ ಊರು ಎಲ್ಲಿದೆ, ಯಾವಾಗಿನಿಂದ ಇದೆ, ಜನ ಯಾಕೆ ಸ್ಥಳ ಬದಲಿಸಿದರು ಎಂದು ಊರಿನ ಹಿರಿಯರ ಸಹಿಯಿರುವ ಒಂದು ಟಿಪ್ಪಣಿ ಇದ್ದರೆ ಒಳ್ಳೆಯದು ಎಂದು ಯಾರೋ ಮಾಮನಿಗೆ ಹೇಳಿದ್ದರು. ಹಿರಿಯ ಅಂದರೆ ಮಾಮನೇ. ಬರೆಯುವವಳು ನಾನು.

ನನಗೆ ಇದು ಹತ್ತು ನಿಮಿಷದ ಕೆಲಸ ಅನ್ನಿಸಿತು. ಕಥೆ ಬಾಯಿಪಾಠ ಇತ್ತು. ಹಗರಿ ಹೊಳೆ ಬಂದು ಒಂದೇ ದಿನದಲ್ಲಿ ಊರು ಮುಳುಗಿತು, ಅಜ್ಜ ಎಲ್ಲರನ್ನೂ ದಿಣ್ಣೆಗೆ ಕರೆದೊಯ್ದು ಉಳಿಸಿದ. ಅಜ್ಜ ಊರಿನ ಕರಣಂ, ಊರಿನ ಲೆಕ್ಕಪತ್ರ ಬರೆಯುವವನು. ಈ ಕಥೆಯನ್ನು ಅಜ್ಜಿ ಹೇಳಿದ್ದಳು, ತಾಯಿ ಹೇಳಿದ್ದಳು, ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ಆದರೂ ಮಾದರಿಗೆ ಒಂದು ನೋಡೋಣ ಎಂದು ಸತ್ಯನಾರಾಯಣಪೇಟೆಯ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಸಣ್ಣ ಊರುಗಳ ಇತಿಹಾಸವನ್ನು ಬೇರೆ ಕಡೆ ಹೇಗೆ ಬರೆಯುತ್ತಾರೆ ಎಂದು ಹುಡುಕುತ್ತ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಝೆಕ್ ದೇಶದ ಒಂದು ಸಣ್ಣ ಹಳ್ಳಿಯಲ್ಲಿ ನಿಂತೆ. ಅದರ ಹೆಸರನ್ನು ನನ್ನ ನಾಲಿಗೆಯಿಂದ ಹೇಳಲು ಬರುವುದಿಲ್ಲ. ನಮ್ಮಲ್ಲಿ ಒಂದು ತರಗತಿಯಲ್ಲಿ ಕೂರುವಷ್ಟು ಜನ ಇಡೀ ಊರಿನಲ್ಲಿ. ಆದರೆ ಊರಿನ ಹಿಂದಿನ ಗುಡ್ಡದ ಎತ್ತರ ಎಷ್ಟು, ಊರೊಳಗಿನ ಹಳ್ಳ ಯಾವ ಹೊಳೆ ಸೇರುತ್ತದೆ, ಆ ಹೊಳೆ ಯಾವ ನದಿಗೆ, ಮಣ್ಣು ಎಂಥದು, ಊರಿನ ಹೆಸರು ಮೊದಲು ಯಾವ ದಾನಪತ್ರದಲ್ಲಿ ಕಂಡಿತು, ಯಾವ ಯುದ್ಧದಲ್ಲಿ ಸುಟ್ಟಿತು, ಹಿಟ್ಟಿನ ಗಿರಣಿ ಯಾರದಿತ್ತು, ಎಲ್ಲ ಬರೆದಿದ್ದರು. ನನ್ನ ತಾಯಿಯ ಊರನ್ನು ಹುಡುಕಿದೆ. ಹೆಸರು, ಪಿನ್‌ಕೋಡ್. ನಕ್ಷೆಯಲ್ಲಿ ಒಂದು ಕೆಂಪು ಗುರುತು ಯಾರದೋ ಭತ್ತದ ಗದ್ದೆಯ ನಡುವೆ.

ಮೊದಲ ಸಿಟ್ಟು ಬಂದದ್ದು ಆಗ. ಆ ಸಿಟ್ಟು ನನಗೆ ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ದೂರದ ದೊಡ್ಡ ಅನ್ಯಾಯದ ಮೇಲಿನ ಸಿಟ್ಟು. ಅದರಲ್ಲಿ ನಮ್ಮ ಮನೆಯವರು ಯಾರೂ ಇರಲಿಲ್ಲ.

ಆ ಝೆಕ್ ಹಳ್ಳಿಯ ಪುಟದ ಕೊನೆಯ ಹೊತ್ತಿಗೆ ಒಂದು ವಾಕ್ಯ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿನ ಜರ್ಮನ್ ಮಾತಾಡುವ ಕುಟುಂಬಗಳನ್ನು ಹೊರಗೆ ಕಳಿಸಿದರು, ಅವರ ಮನೆಗಳಿಗೆ ಬೇರೆಯವರು ಬಂದರು, ಕೆಲವು ಮನೆ ಬಿದ್ದುಹೋದವು. ಹಿಂದಿನ ವಾಕ್ಯ ಗಿರಣಿಯ ಬಗ್ಗೆ, ಮುಂದಿನದು ಶಾಲೆಯ ಬಗ್ಗೆ. ನಡುವೆ ಇದು. ಬರೆದವರಿಗೆ ಇದನ್ನು ಬರೆಯುವುದು ಸುಲಭವಾಗಿತ್ತೋ ಇಲ್ಲವೋ ಗೊತ್ತಿಲ್ಲ. ಬರೆದಿದ್ದರು.

ಅವರ ಹಾಗೆಯೇ ಬರೆಯೋಣ ಎಂದು ಭೂಗೋಳದಿಂದ ಶುರು ಮಾಡಿದೆ. ನಕ್ಷೆಯಲ್ಲಿ ಹಗರಿಯನ್ನು ಹುಡುಕಿದೆ. ಹುಡುಕಿ ಕೈ ನಿಂತಿತು. ಹಗರಿ ಹರಿಯುವುದು ಮೂಡಣಕ್ಕೆ, ದೂರದಲ್ಲಿ. ನಡುವೆ ಎಷ್ಟೋ ಊರು, ಏರು, ಕಲ್ಲುಗುಡ್ಡ. ಅದು ನಮ್ಮ ಹಳೇ ಊರನ್ನು ಮುಳುಗಿಸಬೇಕಾದರೆ ಮೊದಲು ತೆಕ್ಕಲಕೋಟೆಯ ಆಚೆಯ ಸೀಮೆಯನ್ನೆಲ್ಲ ನುಂಗಬೇಕು. ಮೂವತ್ತು ವರ್ಷ ಇತಿಹಾಸ ಕಲಿಸಿದ ನಾನು ಒಂದು ಸಲವೂ ನಕ್ಷೆ ಬಿಡಿಸಿ ನೋಡಿರಲಿಲ್ಲ.

ಮಾಮನಿಗೆ ಫೋನ್ ಮಾಡಿದೆ.

"ಮಾಮಾ, ಹಗರಿ ನಮ್ಮೂರಿಗೆ ಹೆಂಗ ಬಂತು?"

"ಬಂತು ಅಂದ್ರ ಬಂತು. ನಿಮ್ಮಜ್ಜಿ ಹೇಳ್ತಿದ್ದಳಲ್ಲ."

"ಅಷ್ಟು ದೂರದಿಂದ? ಬಸ್ಸು ಹತ್ತಿ ಬಂತೇನು?"

"ನೀ ಹಗರಿಗೆ ಟಿಕೀಟು ತಗದು ಕೊಟ್ಟೀಯೇನು?" ಮಾಮ ನಕ್ಕ. ಆಮೇಲೆ, "ಏ ಹುಡುಗಿ, ಅಷ್ಟೆಲ್ಲ ಕೆದಕಬ್ಯಾಡ. ಪ್ರವಾಹದಿಂದ ಊರು ಬಿಟ್ಟರು ಅಂತ ಬರಿ. ಸರ್ಕಾರಕ್ಕ ಪ್ರವಾಹ ಅಂದ್ರ ತಿಳೀತೈತಿ."

ಊರನ್ನು ಕಣ್ಣಾರೆ ನೋಡದೆ ಬರೆಯುವುದಿಲ್ಲ ಎಂದೆ. ಒಂದು ಭಾನುವಾರ ಬಳ್ಳಾರಿಯಿಂದ ಬಸ್ಸಿನಲ್ಲಿ ತೆಕ್ಕಲಕೋಟೆಗೆ ಹೋದೆ. ಮಾಮ ಸಿರುಗುಪ್ಪದಿಂದ ಅಲ್ಲಿಗೆ ಬಂದು ಆಟೋ ಹಿಡಿದು ಕಾಯುತ್ತಿದ್ದ. ದಾರಿಯುದ್ದಕ್ಕೂ ಬಹಳ ಖುಷಿಯಲ್ಲಿದ್ದ. ಇಲ್ಲಿ ಈಜು ಕಲಿತೆ, ಇಲ್ಲಿ ಬಿದ್ದೆ, ಇಲ್ಲಿ ಹಾವು ಕಂಡೆ ಎಂದು ಬೆರಳು ಮಾಡಿ ತೋರಿಸುತ್ತಿದ್ದ. ಊರಿಗೆ ಮೊದಲ ಸೈಕಲ್ ತಂದದ್ದು ತಾನೇ ಎಂದು ಆಟೋದವನಿಗೂ ಕೇಳಿಸುವ ಹಾಗೆ ಹೇಳಿದ.

"ನಾಟಿ ಟೈಮಿನಾಗ ಮುಂಜಾನಿ ದಿಣ್ಣಿ ಇಳದು ಹೋಗಿ ಆಳು ಕರಿಯೋ ಕೆಲಸ ನಂದು. ನಮ್ಮಪ್ಪ ಕಳಸ್ತಿದ್ದ. ಸೈಕಲ್ ಇಳೀತಿದ್ದಿಲ್ಲ ನಾನು. ನಿಂತು ಬೆಲ್ ಹೊಡದ್ರ ಸಾಕು, ಇಪ್ಪತ್ತು ಮಂದಿ ಹೊರಗ ಬರ್ತಿದ್ರು. ಈಗ ಫೋನ್ ಮಾಡಿ ಕಾಲು ಹಿಡದ್ರೂ ಒಬ್ಬರು ಬರಂಗಿಲ್ಲ."

ಆಟೋದವನು, "ಆವಾಗಿನ ಬೆಲ್ಲು ಗಟ್ಟಿ ಇತ್ತು ಬಿಡ್ರಿ ಸಾರ್" ಎಂದ. ಮೂವರೂ ನಕ್ಕೆವು. ನಾನೂ ನಕ್ಕೆ ಎಂಬುದನ್ನು ಆ ದಿನದ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಹಳೇ ಊರಿನ ಅಗಸಿ ಇನ್ನೂ ನಿಂತಿದೆ. ಅಗಸಿ ಎಂದರೆ ಊರಬಾಗಿಲು. ಎರಡು ಕಡೆ ಕಲ್ಲಿನ ಕಟ್ಟೆ, ಮೇಲೆ ಒಂದು ಅಡ್ಡಗಲ್ಲು. ಒಳಗೆ ಬಿದ್ದ ಗೋಡೆಗಳು, ಜಾಲಿ, ನೆಲದ ಮೇಲೆ ಉಪ್ಪಿನ ಬಿಳಿ ಪದರ. ಸಾಲು ಸಾಲಾಗಿ ಹೊಸ್ತಿಲ ಕಲ್ಲುಗಳು ಮಾತ್ರ ಉಳಿದಿವೆ. ಆ ಕಲ್ಲುಗಳನ್ನು ಕಂಡ ಕೂಡಲೇ ನನಗೆ ಯುಗಾದಿಯ ಮರುದಿನಗಳು ನೆನಪಾದವು.

ನಮ್ಮ ತಾಯಿಯ ಊರಿನಲ್ಲಿ ಒಂದು ಪದ್ಧತಿ ಇತ್ತು. ಯುಗಾದಿಯ ಮರುದಿನ ಎಲ್ಲ ಮನೆಯವರೂ ಹಳೇ ಊರಿಗೆ ಹೋಗುತ್ತಿದ್ದರು. ಅವರವರ ಬಿದ್ದ ಮನೆಯ ಹೊಸ್ತಿಲನ್ನು ಅವರವರೇ ಗುಡಿಸಿ, ಸೆಗಣಿಯಿಂದ ಸಾರಿಸಿ, ರಂಗೋಲಿ ಹಾಕಿ, ಅರಿಶಿನ ಕುಂಕುಮ ಇಟ್ಟು, ಹಿಂದಿನ ದಿನದ ಹೋಳಿಗೆಯನ್ನು ಅಲ್ಲೇ ಕೂತು ತಿನ್ನಬೇಕು. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮನೆ ಇಲ್ಲ, ಬಾಗಿಲಿಲ್ಲ, ಸೂರಿಲ್ಲ. ಕಲ್ಲಿನ ಮುಂದೆ ರಂಗೋಲಿ. ಎದ್ದು ಬರುವಾಗ ಅಜ್ಜಿ ಆ ಕಲ್ಲಿಗೆ ಕೈ ಮುಟ್ಟಿಸಿ, "ಮತ್ತ ಮುಂದಿನ ವರ್ಷ ಬರ್ತೀವಿ" ಎಂದು ಹೇಳುತ್ತಿದ್ದಳು, ಒಳಗೆ ಯಾರೋ ಕಾಯುತ್ತಿರುವ ಹಾಗೆ.

ಅಂಥ ಒಂದು ದಿನ ನನಗೆ ಬಾಯಾರಿತ್ತು. ತಂದ ಕೊಡದ ನೀರು ಸಾರಿಸಲಿಕ್ಕೇ ಮುಗಿದಿತ್ತು. ಎಲ್ಲೋ ಕೋಳಿ ಕೂಗಿತು. ಯಾರೂ ಇಲ್ಲದ ಊರಿನಲ್ಲಿ ಕೋಳಿ ಎಲ್ಲಿಂದ ಬಂತು ಎಂದು ಅಗಸಿ ದಾಟಿ ಊರ ಹೊರಗೆ ಹೋದೆ. ಅಲ್ಲಿ ಹುಲ್ಲು ಹೊದಿಸಿದ ಐದಾರು ಮನೆಗಳಿದ್ದವು. ಬೇಲಿಯ ಮೇಲೆ ಸೀರೆ. ಗೋಡೆಗೆ ಆಗಷ್ಟೇ ತಟ್ಟಿದ ಸೆಗಣಿಯ ಕುಳ್ಳಿನ ಮೇಲೆ ಐದು ಬೆರಳಿನ ಗುರುತು ಇನ್ನೂ ಹಸಿ. ಒಬ್ಬ ಹೆಂಗಸು ಮೊರದಲ್ಲಿ ಜೋಳ ಕೇರುತ್ತಿದ್ದಳು.

"ಯಾರ ಕೂಸವ್ವಾ ನೀನು?"

"ಕರಣಂ ಮನಿ ಮೊಮ್ಮಗಳು. ನೀರು ಬೇಕು."

"ಅಯ್ಯ ಶಿವನೇ! ನನ್ನ ಕೈಯಾಗಿನ ನೀರು ಕೊಟ್ಟರ ನಿಮ್ಮಜ್ಜಿ ನನ್ನ ಊರು ಬಿಡಸ್ತಾಳ. ಹೋಗು ತಾಯಿ, ಬಿಸಿಲಾಗ ನಿಂದರಬ್ಯಾಡ."

ನಾನು ವಾಪಸ್ ಓಡಿದೆ. ಅಜ್ಜಿ ನನ್ನನ್ನು ಹುಡುಕುತ್ತಿದ್ದಳು.

"ಎಲ್ಲಿ ಹೋಗಿದ್ದಿ?"

"ಅಲ್ಲಿ ಒಬ್ಬಾಕಿ ಅದಾಳಜ್ಜಿ."

"ಅಲ್ಲಿ ಯಾರೂ ಇಲ್ಲ."

"ಅದಾಳ."

"ಇಲ್ಲಂದ್ರ ಇಲ್ಲ. ಹೋಳಿಗಿ ತಿನ್ನು."

ಹೋಳಿಗೆ ತಿಂದೆ. ಇದು ನಾನು ಇಷ್ಟು ವರ್ಷ ಇಟ್ಟುಕೊಂಡು ಬಂದ ನೆನಪು.

ಈಗ ಅರವತ್ತು ದಾಟಿದ ಮೇಲೆ ಮತ್ತೆ ಅದೇ ಅಗಸಿ ದಾಟಿದೆ. ಮಾಮ ಕಟ್ಟೆಯ ಮೇಲೆ ಕೂತ. "ನೀ ನೋಡಿ ಬಾ, ನನಗ ಮೊಣಕಾಲು ನೋವು" ಎಂದ. ಹುಲ್ಲಿನ ಮನೆಗಳ ಜಾಗದಲ್ಲಿ ಈಗ ತಗಡಿನ ಮನೆಗಳು, ಎರಡು ಇಟ್ಟಿಗೆಯವು. ನನ್ನ ಓರಗೆಯ ಒಬ್ಬಳು ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಯಾರು ಏನು ಎಂದು ಹೇಳಿದೆ. ಆಕೆ ಎದ್ದು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಆ ಜೋಳ ಕೇರುತ್ತಿದ್ದವಳು ಈಕೆಯ ಅತ್ತೆ ಇರಬೇಕು. ಖಂಡಿತ ಎಂದು ಹೇಳಲಾರೆ. ಕಾಲದ ಲೆಕ್ಕ ಕೂಡುತ್ತದೆ, ಅಷ್ಟೇ.

"ಹಗರಿ ಬಂದಿತ್ತೇನಕ್ಕಾ ಇಲ್ಲಿಗೆ?" ಎಂದು ಕೇಳಿದೆ.

"ಹಗರಿ ಇಲ್ಲಿಗೆ ಯಾಕ ಬರ್ತೈತ್ರಿ, ದಾರಿ ತಪ್ಪಿ?" ಆಕೆ ಬೆಳ್ಳುಳ್ಳಿಯ ಸಿಪ್ಪೆ ಊದಿದಳು. "ಕಾಲಿವಿ ಬಂತು. ಗದ್ದಿ ಆದವು. ಬಸಿನೀರು ನಿಂತು ಗ್ವಾಡಿ ನೆನದು ನೆನದು ಬಿದ್ದುವು. ವರ್ಷಕ್ಕ ನಾಕು ಮನಿ ಬೀಳ್ತಿದ್ದುವಂತ. ನಮ್ಮತ್ತಿ ಹೇಳ್ತಿದ್ದಳು. ಬಿದ್ದವರೆಲ್ಲ ದಿಣ್ಣಿಗೆ ಹೋದ್ರು."

"ನೀವ್ಯಾಕ ಹೋಗಲಿಲ್ಲ?"

"ಸುಣ್ಣ ಹಾಕಿ ಜಾಗ ಗುರುತು ಮಾಡಿದ್ರಂತ್ರಿ ಅಲ್ಲಿ, ಯಾರ್ಯಾರಿಗೆ ಎಲ್ಲೆಲ್ಲಿ ಅಂತ. ಸುಣ್ಣ ನಮ್ಮ ತನಕ ಬರಲಿಲ್ಲ." ಬಿಡಿಸಿದ ಬೆಳ್ಳುಳ್ಳಿಯನ್ನು ಪಕ್ಕಕ್ಕೆ ಸರಿಸಿ, "ಅಕ್ಕಾರ, ನೀವು ಏನೋ ಬರೀತೀರಂತಲ್ಲ, ಅದರಾಗ ನಮ್ಮ ಮನಿನೂ ಬರ್ತಾವೇನ್ರಿ? ಸರ್ವೆಯವರು ಬಂದಿದ್ರು. ಇದು ಖಾಲಿ ಊರು, ನೀವು ಯಾವಾಗ ಬಂದು ಹೊಕ್ಕೊಂಡ್ರಿ ಅಂತ ಕೇಳಿದ್ರು. ಬರಾಕ ನಾವು ಎಲ್ಲಿಗಾದ್ರೂ ಹೋಗಿದ್ದೇವೇನ್ರಿ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಉತ್ತರ ಬೇಕಾಗಿದ್ದವಳ ಹಾಗೆ ಕೇಳಿದಳು. ಹಳೇ ಊರು ಖಾಲಿಯಾಗಿತ್ತು ಎಂದಾದರೆ ಇವರು ಆಮೇಲೆ ಬಂದು ಸರ್ಕಾರದ ಜಾಗ ಒತ್ತಿಕೊಂಡವರು. ದಿಣ್ಣೆಯವರಿಗೆ ಹಕ್ಕುಪತ್ರ, ಇವರಿಗೆ ನೋಟಿಸು. ನನ್ನ ಎರಡು ಪುಟದ ತೂಕ ನನಗೆ ಆಗ ಗೊತ್ತಾಯಿತು.

ಅಗಸಿಯ ಕಡೆ ತಿರುಗಿ ನೋಡಿದೆ. ಮಾಮ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ನಮಗೆ ಬೆನ್ನು ಮಾಡಿ ಕೂತಿದ್ದ. ಅಜ್ಜನೂ ಅಲ್ಲೇ ಕೂರುತ್ತಿದ್ದ. ಅದು ನಮ್ಮ ಮನೆತನದ ಹೆಮ್ಮೆಯ ಕಥೆ. "ಅಗಸಿ ಕಟ್ಟಿ ಮ್ಯಾಲೆ ಕೂತು ಇಡೀ ಊರು ಬರೀತಿದ್ರು ನಿಮ್ಮಜ್ಜ. ಕಾಲಿಗೆ ಧೂಳು ಹತ್ತತಿದ್ದಿಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. ತೊಡೆಯ ಮೇಲೆ ಹಲಗೆ, ಅದರ ಮೇಲೆ ಪುಸ್ತಕ. ತಳವಾರ ಅಗಸಿಯಿಂದ ಒಳಗೆ ನಡೆಯುತ್ತ ಒಂದೊಂದು ಹೊಸ್ತಿಲ ಮುಂದೆ ನಿಂತು ಮನೆಯ ಹೆಸರು ಕೂಗುವುದು, ಅಜ್ಜ ಕೂತಲ್ಲೇ ಬರೆದುಕೊಳ್ಳುವುದು. ಅಗಸಿಯ ಒಳಗಿನ ಹೊಸ್ತಿಲು ಮುಗಿದರೆ ಊರು ಮುಗಿಯಿತು. ಬೆನ್ನ ಹಿಂದಿನ ಈ ಮನೆಗಳನ್ನು ಯಾರೂ ಕೂಗುತ್ತಿರಲಿಲ್ಲ. ಒಳಗಿನವರೆಲ್ಲ ದಿಣ್ಣೆಗೆ ಹೋದ ವರ್ಷ ಕೂಗಲು ಹೊಸ್ತಿಲೇ ಇರಲಿಲ್ಲ. ಅಜ್ಜ ಬರೆದ: ಜನವಸತಿ ಇಲ್ಲ. ಆ ಕಾಗದವನ್ನು ನಾನು ನೋಡಿಲ್ಲ. ಬರೆದದ್ದು ಅವನೇ ಎಂದು ಹೇಳುವುದು ನನ್ನ ಊಹೆ. ಆದರೆ ಆ ಊರಿನಲ್ಲಿ ಬರೆಯುವ ಕೈ ಬೇರೆ ಇರಲಿಲ್ಲ.

ಪ್ರವಾಹದ ಕಥೆ ಯಾಕೆ ಬೇಕಾಗಿತ್ತು ಎಂಬುದೂ ಅಲ್ಲೇ ತಿಳಿಯಿತು. ಹೊಳೆ ಬಂದು ಒಂದೇ ದಿನ ಎಲ್ಲರನ್ನೂ ಎಬ್ಬಿಸಿದ್ದರೆ ಯಾರನ್ನು ಬಿಟ್ಟೆವು ಎಂಬ ಪ್ರಶ್ನೆ ಬರುವುದಿಲ್ಲ. ಬಸಿನೀರು ಹಾಗಲ್ಲ. ವರ್ಷಕ್ಕೆ ನಾಲ್ಕು ಮನೆ ಬೀಳುವಾಗ ಸುಣ್ಣದ ಪುಟ್ಟಿ ಹಿಡಿದು ಯೋಚಿಸಲು ಬೇಕಾದಷ್ಟು ಸಮಯ ಇತ್ತು. ಸುಣ್ಣವನ್ನು ಇನ್ನು ಐದಾರು ಮನೆಗೆ ಎಳೆಯಲು ಎಷ್ಟು ಹೊತ್ತು ಬೇಕಿತ್ತು?

ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ವರ್ಷ ಮಕ್ಕಳನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ಯುತ್ತಿದ್ದೆ. ಸಾವಿರಾರು ವರ್ಷದ ಹಿಂದಿನ ಜನ ಕಲ್ಲುಕೊಡಲಿ ಮಸೆದ ಗುಳಿಗಳನ್ನು ತೋರಿಸಿ, "ನೋಡಿ, ಇಲ್ಲಿ ಜನ ಇದ್ದರು" ಎನ್ನುತ್ತಿದ್ದೆ. ಯಾವ ಮಗುವೂ ಕಾಗದ ಕೇಳಲಿಲ್ಲ. ಕಲ್ಲಿನ ಮೇಲಿನ ಗುಳಿಯನ್ನು ನಂಬುವ ನಾವು ಕುಳ್ಳಿನ ಮೇಲಿನ ಬೆರಳನ್ನು ನಂಬುವುದಿಲ್ಲ. ಅಗಸಿಯ ಕಥೆಯನ್ನೂ ನಾನು ಅದೇ ಮಕ್ಕಳಿಗೆ ಹೇಳಿದ್ದೇನೆ, ಹಿಂದಿನವರು ಎಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುತ್ತಿದ್ದರು ಎನ್ನುವುದಕ್ಕೆ ಉದಾಹರಣೆಯಾಗಿ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ.

ಎರಡು ಪುಟ ಬರೆದೆ. ಕಾಲುವೆ, ತಗ್ಗು, ಬಸಿನೀರು, ದಿಣ್ಣೆ. ನಡುವೆ ಒಂದು ವಾಕ್ಯ: "ಹಳೇ ಊರು ಯಾವತ್ತೂ ಪೂರ್ತಿ ಖಾಲಿಯಾಗಲಿಲ್ಲ, ಅಗಸಿಯ ಹೊರಗಿನ ಮನೆಗಳವರು ಮೊದಲಿನಿಂದಲೂ ಅಲ್ಲೇ ಇದ್ದಾರೆ, ಈಗಲೂ ಇದ್ದಾರೆ." ಅದನ್ನು ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಮಾಮ ಕನ್ನಡಕ ಹಾಕಿಕೊಂಡು ಓದಿದ. ಕಾಲುವೆಗೆ ತಲೆಯಾಡಿಸಿದ, ಬಸಿನೀರಿಗೂ ಒಪ್ಪಿದ. ಆ ವಾಕ್ಯಕ್ಕೆ ಬಂದಾಗ ಪೆನ್ಸಿಲ್ ತೆಗೆದು ಅಡ್ಡ ಗೆರೆ ಎಳೆದ.

"ಇದು ಬ್ಯಾಡ."

"ಯಾಕ?"

"ನಾಕು ಮನಿ ಸಲುವಾಗಿ ನೂರು ಮನಿ ಫೈಲು ನಿಂದರಸ್ತೀಯೇನು? ಊರು ಖಾಲಿ ಅಂತ ಹಳೇ ದಾಖಲಿ ಐತಿ. ಖಾಲಿ ಇರಲಿಲ್ಲ ಅಂತ ನಾವ ಬರದು ಕೊಟ್ಟರ, ಹಂಗಾದ್ರ ಯಾವುದು ಖರೇ ಅಂತ ತನಿಖಿ ಹಾಕ್ತಾರ. ನಿಂಗ ಗೊತ್ತಿಲ್ಲ, ನಾ ಆ ಕುರ್ಚಿ ಮ್ಯಾಲೆ ಕುಂತಾವ."

ಈ ಮಾತಿನಲ್ಲಿ ನಿಜವಿತ್ತು. ದಿಣ್ಣೆಯ ಮೇಲಿನವರೂ ಎರಡು ತಲೆಮಾರು ಕಾದವರು. ಅಲ್ಲಿಗೇ ನಿಲ್ಲಿಸಿದ್ದರೆ ಬಹುಶಃ ನಾನು ಸೋಲುತ್ತಿದ್ದೆ. ಮಾಮ ನಿಲ್ಲಿಸಲಿಲ್ಲ.

"ಮತ್ತ ನಿಮ್ಮಜ್ಜ ಸುಳ್ಳು ಬರದ ಅಂತ ನೀನ ಸರ್ಕಾರಕ್ಕ ಬರದು ಕೊಡ್ತೀಯೇನು? ಅವರ ಅನ್ನ ತಿಂದು ಬೆಳದಾಕಿ. ಏನೋ ಪೊರಪಾಟು ಆಗಿರಬೇಕು, ಕೈತಪ್ಪು."

"ಒಂದು ಮನಿ ಬಿಟ್ಟರ ಪೊರಪಾಟು ಮಾಮಾ. ಇಡೀ ಕೇರಿ ಬಿಟ್ಟರ ಅದಕ್ಕ ಏನಂತಾರ? ಸಣ್ಣಾಕಿ ಇದ್ದಾಗ ಆ ಮನಿ ನಾನ ಕಂಡೀನಿ."

"ನಿನಗ ಏನು ಸಾಕ್ಷಿ ಐತಿ? ಲಂಗ ಹಾಕ್ಕೊಂಡು ಓಡ್ಯಾಡೋ ಹುಡುಗಿ ನೀನು ಆವಾಗ. ಏಳು ವರ್ಷದ ಹುಡುಗಿ ಕಂಡದ್ದು ಸಾಕ್ಷೀನಾ? ನೀನ ಹೇಳ್ತಿರ್ತೀಯಲ್ಲ, ನನ್ನ ನೆನಪು ನನಗ ನಂಬಿಕಿ ಇಲ್ಲ ಅಂತ."

ಹೌದು, ಹೇಳುತ್ತಿರುತ್ತೇನೆ. ನನ್ನ ಮಾತನ್ನೇ ಮಡಚಿ ನನ್ನ ಕೈಗೆ ಕೊಟ್ಟಿದ್ದ. ಆ ದಿನ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಬಳ್ಳಾರಿಗೆ ಬಂದೆ. ಬಂದವಳೇ ಕಪಾಟಿನ ಮೇಲಿನ ಟ್ರಂಕು ಇಳಿಸಿ ಹಳೆಯ ದಿನಚರಿಗಳನ್ನು ತೆಗೆದೆ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಒಂದು ಕಡೆ ಈ ಸಂಗತಿ ಬರೆದ ನೆನಪಿತ್ತು. ಸಿಕ್ಕಿತು. ಅದರಲ್ಲಿ ಸೀರೆ ಹಸಿರು. ಹೆಂಗಸರು ಇಬ್ಬರು. ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಆಕೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನನ್ನ ಬೊಗಸೆಗೆ ನೀರು ಸುರಿದಳು. ಅಷ್ಟರಲ್ಲಿ ಅಜ್ಜಿ ಕೂಗಿದಳು. ನೀರು ಚೆಲ್ಲಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓಡಿಬಂದೆ."

ಆಕೆ ಕೊಟ್ಟಿದ್ದಳು. ಕುಡಿಯದೆ ಇದ್ದವಳು ನಾನು. ಇಪ್ಪತ್ತರ ಹರೆಯದಲ್ಲಿ ಗೊತ್ತಿದ್ದದ್ದನ್ನು ಅರವತ್ತರ ಹೊತ್ತಿಗೆ ತಿದ್ದಿಕೊಂಡು, ನಿರಾಕರಿಸಿದವಳು ಆಕೆ ಎಂದು ಮಾಡಿಕೊಂಡಿದ್ದೆ. ಅಥವಾ ಇಪ್ಪತ್ತರಲ್ಲಿ ನನ್ನನ್ನು ನಾನು ಬೈದುಕೊಳ್ಳುವ ಹುಮ್ಮಸ್ಸಿನಲ್ಲಿ ಹಾಗೆ ಬರೆದೆನೋ. ಯಾವುದು ನಿಜ ಎಂದು ಹೇಳಲಾರೆ. ಅಜ್ಜನ ಪುಸ್ತಕದ ಬಗ್ಗೆ ಅಷ್ಟು ಸಿಟ್ಟಾದವಳಿಗೆ ತನ್ನ ಪುಸ್ತಕದ ಮುಂದೆ ಬಹಳ ಹೊತ್ತು ಕೂರಬೇಕಾಯಿತು. ಆದರೆ ಎರಡು ಕಥೆಗಳಲ್ಲೂ ಒಂದು ಸಂಗತಿ ಬದಲಾಗಿಲ್ಲ. ಎರಡರಲ್ಲೂ ಆಕೆ ಅಲ್ಲಿದ್ದಾಳೆ. ಸೀರೆ ಯಾವ ಬಣ್ಣದ್ದಾದರೂ ಇರಲಿ, ಅದನ್ನು ಯಾರೋ ಒಗೆದು ಹಾಕಿದ್ದರು.

ಆ ವಾಕ್ಯವನ್ನು ಉಳಿಸಿಕೊಂಡೇ ಎರಡು ಪುಟವನ್ನು ಮತ್ತೆ ಅಚ್ಚು ಹಾಕಿಸಿದೆ. ಒಂದು ಪ್ರತಿಯನ್ನು ಅಗಸಿಯ ಹೊರಗಿನ ಆಕೆಯ ಕೈಗೆ ಕೊಟ್ಟು ಬಂದೆ. ಆಕೆಗೆ ಓದು ಬರುವುದಿಲ್ಲ. ನಾನೇ ಓದಿ ಹೇಳಿದೆ. "ಇನ್ನೊಮ್ಮೆ ಓದ್ರಿ ಅದನ್ನ" ಎಂದಳು, ಆ ಒಂದು ವಾಕ್ಯವನ್ನು. ಓದಿದೆ. ಅದನ್ನು ಮಡಚಿ ರೇಷನ್ ಕಾರ್ಡಿನ ಜೊತೆ ಇಟ್ಟಳು. ಆದರೆ ಊರಿನ ಹಿರಿಯನ ಸಹಿ ಇಲ್ಲದೆ ಅದು ನಿವೃತ್ತ ಮೇಡಂ ಒಬ್ಬಳು ಬರೆದ ಕಾಗದ, ಅಷ್ಟೇ. ಸಹಿ ಹಾಕಬೇಕಾದವನು ಮಾಮ.

ಇನ್ನೊಂದು ಪ್ರತಿ ಹಿಡಿದು ಮತ್ತೆ ಸಿರುಗುಪ್ಪಕ್ಕೆ ಹೋದೆ. ಮಾಮ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಕಾಗದವನ್ನು ಮುಂದಿಟ್ಟೆ. ತೆಗೆದು ನೋಡಿದ, ವಾಕ್ಯ ಅಲ್ಲೇ ಇತ್ತು. "ಬಲೇ ಹಟದಾಕಿ" ಎಂದು ಪೆನ್ಸಿಲಿಗಾಗಿ ಜೇಬು ತಡಕಿದ. ಆಗ ಕೇಳಿದೆ. ಜೋರಾಗಿ ಕೇಳಲಿಲ್ಲ. ನೆನಪಿನ ಮೇಲೆ ನಂಬಿಕೆ ಇಟ್ಟೂ ಕೇಳಲಿಲ್ಲ, ಅವನೇ ಆಟೋದಲ್ಲಿ ಹೇಳಿದ ಮಾತನ್ನೇ ಹಿಡಿದು ಕೇಳಿದೆ. ಮಾಮನ ಕೈ ಜೇಬಿನ ಮೇಲೇ ನಿಂತಿತು. ಒಳಗೆ ಮಾಮಿ ಕಾಫಿಗೆ ಸಕ್ಕರೆ ಎಷ್ಟು ಎಂದು ಎರಡು ಸಲ ಕೇಳಿದಳು. ಅವತ್ತಿನಿಂದ ಮೂರು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮೊಣಕಾಲಿನ ಬಗ್ಗೆ, ಕಾಲುವೆಗೆ ನೀರು ಬಿಟ್ಟದ್ದರ ಬಗ್ಗೆ. ಕಾಗದ ಸಹಿಯಿಲ್ಲದೆ ಅವನ ಪಡಸಾಲೆಯಲ್ಲೇ ಇದೆ, ಗೆರೆಯನ್ನೂ ಎಳೆದಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಮುಂಜಾನಿ ಸೈಕಲ್ ಇಳೀದ ಬೆಲ್ ಹೊಡೀತಿದ್ದೆ ಅಂದಿಯಲ್ಲ, ಯಾರ ಮನಿ ಮುಂದ?"